ಸಾವಿರಕ್ಕೆ ಒಂದು ಕಾಳು

ರೈತ ಒಬಾತನ ಅಕ್ಕಿ ಚೀಲಗಳಿಗೆ ಮೊದಲ ದರ್ಜೆಯ ಮೊಹರು ಒತ್ತಿ ಎರಡು ಗಂಟೆಗೂ ಹೆಚ್ಚು ಹೊತ್ತಾಗಿತ್ತು. ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ನಮ್ಮ ಉಗ್ರಾಣದ ಮುಖ್ಯ ಪರೀಕ್ಷಕರಾದ ತೊಗಾಶಿಯವರು ಬಂದು ನನ್ನ ಬಿಳಿ ತಟ್ಟೆಯನ್ನು ಮೇಜಿನ ಮೇಲಿಟ್ಟರು.

"ತಗೋಳಮ್ಮ ಅತ್ಸುಮಿ, ನಿನ್ನ ತಟ್ಟೆ. ಮಕ್ಕಳು ಮುಟ್ಟಿ ಮುಟ್ಟಿ ಕೊಳೆ ಮಾಡಿದಾರೆ. ತೊಳ್ಕೊ."

ಅವರು ಹೋದರು. ಮುಚ್ಚಳ ನನ್ನ ಕೈಯಲ್ಲೇ ಉಳಿಯಿತು. ಬೆಳಿಗ್ಗೆ ಒಂಬತ್ತರಿಂದ ಆ ತಟ್ಟೆ ನನ್ನ ಬಳಿ ಇರಲಿಲ್ಲ. ಅಂದರೆ ಒಬಾತನ ಅಕ್ಕಿಯನ್ನು ನಾನು ಅದರಲ್ಲಿ ನೋಡಿಯೇ ಇಲ್ಲ.

ನಮ್ಮಲ್ಲಿಗೆ ಬರುವುದು ಹೊಟ್ಟು ಮಾತ್ರ ತೆಗೆದ, ತೌಡು ಇನ್ನೂ ಮೈಮೇಲಿರುವ ಅಕ್ಕಿ. ಅಕ್ಕಿ ಪರೀಕ್ಷಕರಿಗೆ ತಟ್ಟೆಗಳು ಎರಡು. ಕಪ್ಪು ತಟ್ಟೆಯ ಮೇಲೆ ಕಾಳಿನ ಮೈ ಕಾಣುತ್ತದೆ. ತುಂಬಿಕೊಂಡಿದೆಯೋ, ಸುಣ್ಣದ ಹಾಗೆ ಬೆಳ್ಳಗಾಗಿದೆಯೋ, ಒಳಗೆ ಬಿರುಕು ಬಿಟ್ಟಿದೆಯೋ ಎಂದು ಅಲ್ಲಿ ನೋಡಬೇಕು. ಬಿಳಿ ತಟ್ಟೆಯ ಮೇಲೆ ಕಾಣುವುದು ಕಲೆ. ತೆನೆ ಹಾಲುಗಟ್ಟುವ ದಿನಗಳಲ್ಲಿ ಗದ್ದೆಯ ತಿಗಣೆ ಹುಳು ಬಂದು ಕಾಳಿಗೆ ಮೂತಿ ಚುಚ್ಚಿ ಹೀರಿದರೆ ಅಲ್ಲೊಂದು ಕಂದು ಚುಕ್ಕೆ ಉಳಿದುಬಿಡುತ್ತದೆ. ಸಾವಿರ ಕಾಳಿಗೆ ಅಂಥದ್ದು ಹೆಚ್ಚೆಂದರೆ ಒಂದಿದ್ದರೆ ಮೊದಲ ದರ್ಜೆ. ಅದಕ್ಕಿಂತ ಹೆಚ್ಚಾದರೆ ಎರಡನೆಯದು. ಕಪ್ಪು ತಟ್ಟೆಯ ಮೇಲೆ ಆ ಚುಕ್ಕೆ ಕಣ್ಣಿಗೆ ಬೀಳುವುದಿಲ್ಲ. ಕಾಳುಗಳ ಸಂದಿಯಿಂದ ತಟ್ಟೆಯೇ ಇಣುಕಿದಂತೆ ಅನ್ನಿಸುತ್ತದೆ.

ಇದು ಗೊತ್ತಿಲ್ಲದೆ ಆದ ತಪ್ಪಲ್ಲ. ಆ ಬೆಳಿಗ್ಗೆ ಪಟ್ಟಣದ ಕೃಷಿ ಶಾಲೆಯಿಂದ ಇಪ್ಪತ್ತೆರಡು ಮಕ್ಕಳು ಬಂದಿದ್ದರು. ನೇಗಿಲು ಹಿಡಿಯದೆಯೂ ನೆಲವನ್ನು ನಂಬಿ ಬದುಕುವ ಕೆಲಸಗಳು ಎಷ್ಟಿವೆ ಎಂದು ತೋರಿಸಲು ಅವರ ಮೇಷ್ಟ್ರು ಒಂದು ವಾರದಿಂದ ಅವರನ್ನು ಸುತ್ತಿಸುತ್ತಿದ್ದರು. ಹಿಂದಿನ ದಿನ ಬೆಟ್ಟದ ಕಾಡಿನಲ್ಲಿ ಮರ ಅಳೆಯುವವರನ್ನು ನೋಡಿದ್ದರಂತೆ. ನಮ್ಮಲ್ಲಿಂದ, ಸೋಯಾ ಕಾಳು ಹುದುಗಿಸಿ ಮಿಸೊ ಮಾಡುವ ಕಾರ್ಖಾನೆಯ ಪ್ರಯೋಗಶಾಲೆಗೆ ಹೋಗುವವರಿದ್ದರು. ತೊಗಾಶಿಯವರು ಉತ್ಸಾಹದಿಂದ ನನ್ನ ಮೇಜಿನ ಬಿಳಿ ತಟ್ಟೆಯನ್ನು ಎತ್ತಿಕೊಂಡು, ಒಂದು ಹಿಡಿ ಅಕ್ಕಿ ಹಾಕಿ, ಮಕ್ಕಳ ಕೈಗೆ ಕೊಟ್ಟರು. ಅವರ ತಟ್ಟೆ ಅವರ ಕೋಣೆಯಲ್ಲಿತ್ತು. ನನ್ನದು ಹತ್ತಿರದಲ್ಲಿತ್ತು, ಅಷ್ಟೆ.

ಆಗ ನನ್ನ ಮುಂದೆ ಒಬಾತನ ತೊಂಬತ್ತಾರು ಚೀಲಗಳಿದ್ದವು. ತಟ್ಟೆ ವಾಪಸ್ ಕೊಡಿ ಎಂದು ಮಕ್ಕಳ ಮುಂದೆ ಕೇಳಲು ಸಂಕೋಚವಾಯಿತು. ಬರಲಿ, ಆಮೇಲೆ ನೋಡೋಣ ಎಂದುಕೊಂಡು ಕಪ್ಪು ತಟ್ಟೆಯಲ್ಲಿ ನೋಡಿದೆ. ಕಾಳುಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ತೇವ ಸರಿಯಾಗಿತ್ತು. ಅಷ್ಟರಲ್ಲಿ ಒಬ್ಬ ಹುಡುಗಿ, "ಮೇಡಂ, ನೀವು ಈ ಕೆಲಸಕ್ಕೆ ಹೇಗೆ ಬಂದ್ರಿ?" ಎಂದು ಕೇಳಿದಳು. ಹನ್ನೊಂದು ವರ್ಷ ಇದೇ ಉಗ್ರಾಣದಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದೆ, ಆಮೇಲೆ ಎರಡು ಚಳಿಗಾಲ ಸಂಜೆ ತರಗತಿಗೆ ಹೋದೆ ಎಂದೆ. ಅವಳು ಅದನ್ನು ಬರೆದುಕೊಂಡಳು. ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು. ಎದುರಿಗೆ ಒಬಾತ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಮೊಹರು ಕೈಗೆತ್ತಿಕೊಂಡು ಒತ್ತಿದೆ.

ಈಗ ಗಂಟೆ ಹನ್ನೆರಡೂಕಾಲು. ಎರಡು ಗಂಟೆಗೆ ಈ ಚೀಲಗಳನ್ನು ಒಯ್ಯಲು ಸೆಂದೈ ನಗರದಿಂದ ಲಾರಿ ಬರಲಿತ್ತು.

ಡಬ್ಬಿ ಮುಚ್ಚಿ ಉಗ್ರಾಣದೊಳಗೆ ಹೋದೆ. ಒಬಾತನ ಚೀಲಗಳನ್ನು ಉತ್ತರದ ಗೋಡೆಯ ಬದಿ ಮೂರು ಹಲಗೆಗಳ ಮೇಲೆ ಪೇರಿಸಿಟ್ಟಿದ್ದರು. ಪ್ರತಿ ಚೀಲದ ಮೇಲೂ ದುಂಡನೆಯ ಗುರುತು, ಕೆಳಗೆ ನನ್ನ ಹೆಸರು. ಚೀಲ ಎತ್ತುವ ಗಾಡಿ ಓಡಿಸುವ ಹಿದಾಕ ಅಲ್ಲೇ ಕೂತು ಅನ್ನದುಂಡೆ ತಿನ್ನುತ್ತಿದ್ದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಬಾಯಿಗೆ ಬೀಗವಿಲ್ಲದವನು.

"ಏನಮ್ಮಾ, ಮುಖ ಮೂಲಂಗಿ ಆಗಿದೆ? ಡಬ್ಬೀಲಿ ಉಪ್ಪಿನಕಾಯಿ ಹಾಕ್ಕೊಳೋದು ಮರ್ತ್ಯಾ?"

"ಹಿದಾಕಣ್ಣ, ಈ ಹಲಗೆಗಳನ್ನ ಮೇಜಿನ ಹತ್ರ ತರ್ತೀರಾ?"

"ಇವಕ್ಕೆ ಮೊಹರಾಗಿದೆ. ಇನ್ನೇನಿದ್ರೂ ಲಾರಿಗೆ."

"ಇನ್ನೊಂದ್ಸಲ ನೋಡ್ಬೇಕು."

ಅವನು ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. "ಮೊಹರಾದ ಮೇಲೆ ಚೀಲ ಬಿಚ್ಚಿಸೋದು ಅಂದ್ರೆ ಅದು ನನ್ನ ಕೈಲಾಗೋ ವಿಷಯ ಅಲ್ಲಮ್ಮ. ಯಜಮಾನ್ರನ್ನ ಕೇಳು."

ಯಜಮಾನರನ್ನು, ಅಂದರೆ ತೊಗಾಶಿಯವರನ್ನು, ಕೇಳುವುದೇ ನನಗೆ ಬೇಡವಾಗಿತ್ತು. ಈ ಹಂಗಾಮು ನನ್ನ ಪರೀಕ್ಷೆಯ ಹಂಗಾಮು. ತಿಂಗಳ ಕೊನೆಗೆ ತೊಗಾಶಿಯವರು ನನ್ನ ಬಗ್ಗೆ ಒಂದು ಪುಟ ಬರೆದು ಕಳಿಸಬೇಕು. ಮುಂದಿನ ವರ್ಷ ನಾನು ಮೊಹರು ಹಿಡಿಯುತ್ತೇನೋ ಮತ್ತೆ ಸೂಜಿ ಹಿಡಿಯುತ್ತೇನೋ ಎನ್ನುವುದು ಆ ಪುಟದ ಮೇಲೆ ನಿಂತಿತ್ತು. ಅದನ್ನು ಅವರು ಒಳ್ಳೆಯದಾಗಿಯೇ ಬರೆಯುವವರಿದ್ದರು. ಹಾಗೆಂದು ಮಕ್ಕಳ ಮುಂದೆಯೇ ಹೇಳಿದ್ದರು.

ಸುಮ್ಮನಿರಬಹುದಿತ್ತು. ಸಾವಿರಕ್ಕೆ ಒಂದೋ ಎರಡೋ ಚುಕ್ಕೆಯ ಕಾಳು ಯಾರ ಬಟ್ಟಲಲ್ಲಿ ಯಾರಿಗೆ ಕಾಣುತ್ತದೆ? ಅಕ್ಕಿ ಚೆನ್ನಾಗಿಯೇ ಇರಬಹುದು. ಇರಬಹುದು ಎನ್ನುವ ಮಾತಿನ ಕೆಳಗೆ ತೊಂಬತ್ತಾರು ಸಲ ನನ್ನ ಹೆಸರಿತ್ತು. ಒಬಾತ ಬೇರೆ ಆ ವರ್ಷ ಗದ್ದೆಗೆ ಕೀಟದ ಮದ್ದು ಹೊಡೆಸಿರಲಿಲ್ಲ. ಅದು ಇಡೀ ಬಯಲಿಗೇ ಗೊತ್ತಿತ್ತು. ಗೊತ್ತಿದ್ದೂ ನಾನು ಬಿಳಿ ತಟ್ಟೆಗೆ ಕಾಯಲಿಲ್ಲ.

ತೊಗಾಶಿಯವರು ಕೋಣೆಯಲ್ಲಿ ಹಲ್ಲು ಕೆದಕಿಕೊಂಡು ಕೂತಿದ್ದರು. ಅರವತ್ತೇಳು ವರ್ಷ. ಬೆರಳಿಗೆ ಅಕ್ಕಿ ತಾಕಿಸಿ ತೇವ ಹೇಳಬಲ್ಲವರು. ನಾನು ನಿಂತುಕೊಂಡೇ ಹೇಳಿದೆ. ಅವರು ಕಡ್ಡಿಯನ್ನು ಬಾಯಿಂದ ತೆಗೆಯಲಿಲ್ಲ.

"ತಟ್ಟೆ ಕೇಳ್ಬೇಕಿತ್ತು."

"ಹೌದು. ತಪ್ಪಾಯ್ತು."

"ನಾನೇನು ನಿನ್ನ ನುಂಗ್ತಿದ್ನಾ?"

"ಇಲ್ಲ."

"ಕಪ್ಪು ತಟ್ಟೇಲಿ ಹೇಗಿತ್ತು?"

"ತುಂಬಾ ಚೆನ್ನಾಗಿತ್ತು."

"ಮತ್ತೆ?" ಅವರು ಗೋಡೆಯ ಗಡಿಯಾರ ನೋಡಿದರು. "ನೋಡು ಅತ್ಸುಮಿ, ನಿನಗೆ ಮನೆ ಬೀಗ ಹಾಕಿ ಮೂರು ಸಲ ಎಳೆದು ನೋಡೋ ರೋಗ. ಒಳ್ಳೇ ರೋಗವೇ. ಆದ್ರೆ ಮೊಹರಾದ ಚೀಲ ಬಿಚ್ಚಿಸಿದ್ರೆ ಅದು ದಾಖಲೆಗೆ ಹೋಗುತ್ತೆ. ನಿನ್ನ ಪುಟದಲ್ಲೂ ಬರುತ್ತೆ. ನಾನು ಬರೀದೇ ಇರೋಕಾಗಲ್ಲ. ಗೊತ್ತಲ್ಲ?"

"ಗೊತ್ತು."

"ಗೊತ್ತಿದ್ದೂ ಬೇಕಾ?"

ಬೇಕು ಎಂದೆ. ಧ್ವನಿ ಹೊರಬಂತೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಹೇಳಿದೆ. ಅವರು ನಿಟ್ಟುಸಿರಿಟ್ಟು ಫೋನ್ ಎತ್ತಿ ಒಬಾತನಿಗೆ ಬರಲು ಹೇಳಿದರು. ಅಕ್ಕಿ ಬೆಳೆದ ರೈತನ ಎದುರಿಗಲ್ಲದೆ ಚೀಲ ಬಿಚ್ಚುವಂತಿರಲಿಲ್ಲ.

ಒಬಾತ ಹತ್ತೇ ನಿಮಿಷಕ್ಕೆ ಬಂದ. ಮೂವತ್ತೆಂಟು ವರ್ಷದವನು, ಮೊದಲು ಬಸ್ಸು ಓಡಿಸುತ್ತಿದ್ದ, ಗದ್ದೆ ಹಿಡಿದು ಇದು ಎರಡನೇ ಬೆಳೆ. ಮದ್ದಿನ ಬದಲು ಬೇಸಿಗೆಯಿಡೀ ಬದುವಿನ ಹುಲ್ಲು ಕೊಯ್ದಿದ್ದ, ತಿಗಣೆಗಳು ಇರುವುದೇ ಆ ಹುಲ್ಲಿನಲ್ಲಿ ಎಂದು. ಗದ್ದೆ ಮಾಡೋಕೆ ಬಂದವನೋ ಕ್ಷೌರ ಮಾಡೋಕೆ ಬಂದವನೋ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಸೆಂದೈಯ ಒಂದು ಅನ್ನದುಂಡೆ ಅಂಗಡಿ, ಮದ್ದಿಲ್ಲದೆಯೂ ಮೊದಲ ದರ್ಜೆ ಬಂದರೆ ಅಷ್ಟೂ ಅಕ್ಕಿ ತೆಗೆದುಕೊಳ್ಳುತ್ತೇವೆ ಎಂದಿತ್ತು. ಎರಡನೇ ದರ್ಜೆಯನ್ನು ಅವರು ಮುಟ್ಟುವುದಿಲ್ಲ.

"ಏನಾಯ್ತು? ಬೆಳಿಗ್ಗೆ ಚೆನ್ನಾಗಿದೆ ಅಂದ್ರಲ್ಲ ಮೇಡಂ?"

ನಾನು ಮೊದಲಿನಿಂದ ಹೇಳಿದೆ. ಸೊಂಟ ಬಗ್ಗಿಸಿ ಕ್ಷಮೆ ಕೇಳಿದೆ. ತಲೆ ಎತ್ತಿದಾಗ ಅವನ ಕಿವಿಗಳು ಕೆಂಪಾಗಿದ್ದವು.

"ಬೇರೆಯವರ ಅಕ್ಕೀನೂ ಬಿಚ್ಚಿ ನೋಡ್ತೀರಾ? ನನ್ನದು ಮಾತ್ರಾನಾ?"

"ನಿಮ್ಮದನ್ನ ಮಾತ್ರ ಬಿಳಿ ತಟ್ಟೇಲಿ ನೋಡಿಲ್ಲ."

"ಮದ್ದು ಹೊಡೆದಿಲ್ಲ ಅಂತ ಯಾರೋ ನಿಮಗೆ ಊದಿದಾರೆ."

"ಯಾರೂ ಹೇಳಿಲ್ಲ, ಒಬಾತ ಅವರೇ. ತಪ್ಪು ನನ್ನದು."

"ತಪ್ಪು ನಿಮ್ಮದು, ಬಿಚ್ಚೋದು ನನ್ನ ಚೀಲ," ಅಂದು ಅವನು ಟೋಪಿಯನ್ನು ತೊಡೆಗೆ ಬಡಿದ. "ಬಿಚ್ಚಿ. ಬಿಚ್ಚಿ ನೋಡಿ."

ಹಿದಾಕ ಮೂರು ಹಲಗೆಗಳನ್ನು ತಂದಿಳಿಸಿದ. ಎಲ್ಲ ಹಲಗೆಗಳಿಂದಲೂ ಮೇಲಿನ, ನಡುವಿನ, ತಳದ ಚೀಲಗಳನ್ನು ಆರಿಸಿ ಬಾಯಿ ಬಿಚ್ಚಿ ಟೊಳ್ಳು ಸಲಾಕೆ ಚುಚ್ಚಿ ಅಕ್ಕಿ ತೆಗೆದೆ. ಎಲ್ಲವನ್ನೂ ಒಂದು ಬೋಗುಣಿಯಲ್ಲಿ ಬೆರೆಸಿದೆ. ಸಾವಿರ ಕುಳಿಗಳ ಎಣಿಕೆ ಹಲಗೆಯನ್ನು ಅದರಲ್ಲಿ ಮುಳುಗಿಸಿ ಎತ್ತಿ ಅಲ್ಲಾಡಿಸಿದರೆ ಕುಳಿಗೊಂದು ಕಾಳು ಕೂರುತ್ತದೆ. ಒಬ್ಬರ ಅದೃಷ್ಟವೂ ಆಗಬಾರದು, ದುರದೃಷ್ಟವೂ ಆಗಬಾರದು ಎಂದು ತೊಗಾಶಿಯವರು ಮೂರು ಸಾವಿರ ಎಣಿಸಲು ಹೇಳಿದರು. ಮೂರು ಸಾವಿರಕ್ಕೆ ಮೂರು ಕಾಳಿನವರೆಗೆ ಮೊದಲ ದರ್ಜೆ. ನಾಲ್ಕನೆಯದು ಸಿಕ್ಕರೆ ಇಲ್ಲ.

ಗಂಟೆ ಒಂದು. ಉತ್ತರದ ಕಿಟಕಿಯ ಬಳಿ ಮೇಜು ಎಳೆದುಕೊಂಡೆವು. ಬಿಳಿ ತಟ್ಟೆಯನ್ನು ತೊಳೆದು ಒರೆಸಿದೆ. ಮೊಣಕೈಗಳನ್ನು ಮೇಜಿಗೆ ಒತ್ತಿಕೊಂಡೆ.

ಮೊದಲ ಸಾವಿರವನ್ನು ಹರಡಿ ಚಿಮಟದ ತುದಿಯಿಂದ ಸಾಲು ಸಾಲಾಗಿ ಸರಿಸುತ್ತ ಹೋದೆ. ಮಗುಚಿ ಇನ್ನೊಂದು ಮೈ ನೋಡಿದೆ. ಒಂದೂ ಇರಲಿಲ್ಲ.

"ಸೊನ್ನೆ," ಎಂದೆ.

ತೊಗಾಶಿಯವರು ನೋಡಿ ತಲೆಯಾಡಿಸಿದರು. ಒಬಾತನ ಬಾಯಿಂದ ಉಸಿರು ಹೊರಟಿತು. "ಹೇಳ್ಲಿಲ್ವಾ ನಾನು?" ಅಂದ, ಯಾರಿಗೂ ಅಲ್ಲ.

"ಹುಲ್ಲಿಗೆ ಮಾಡಿದ ಕ್ಷೌರ ದಂಡ ಆಗ್ಲಿಲ್ಲ ಬಿಡು," ಅಂದ ಹಿದಾಕ.

ಎರಡನೇ ಸಾವಿರದಲ್ಲಿ ಎರಡು ಸಿಕ್ಕವು. ಎರಡೂ ಸಂಶಯವಿಲ್ಲದವು, ಹೊಟ್ಟೆಯ ಮೇಲೆ ಉರಿದ ಕಡ್ಡಿ ತಾಕಿಸಿದಂಥ ಗುರುತು. ಚಿಮಟದಿಂದ ಎತ್ತಿ ಗಾಜಿನ ಬಿಲ್ಲೆಯ ಮೇಲಿಟ್ಟೆ. 

ಮೂರನೇ ಸಾವಿರದಲ್ಲಿ, ಅರ್ಧಕ್ಕೆ ಬರುವ ಮೊದಲೇ ಒಂದು. ಬಿಲ್ಲೆಯ ಮೇಲೆ ಮೂರಾಯಿತು. ಒಬಾತ ಮೇಜಿನ ಹತ್ತಿರ ಬಂದು ನನ್ನ ಭುಜದ ಮೇಲಿಂದ ಬಗ್ಗಿದ. ಅವನ ಮೈಯಿಂದ ಹುಲ್ಲಿನ ಹೊಗೆಯ ವಾಸನೆ ಬರುತ್ತಿತ್ತು.

"ಒಬಾತ, ಬೆಳಕಿಗೆ ಅಡ್ಡ ನಿಲ್ಬೇಡಪ್ಪ," ಅಂದರು ತೊಗಾಶಿಯವರು.

ಉಳಿದ ಸಾಲುಗಳು ಶುದ್ಧವಾಗಿದ್ದವು. ಕೊನೆಯ ಎರಡು ಸಾಲುಗಳೂ ಶುದ್ಧ ಎಂದುಕೊಳ್ಳುವಷ್ಟರಲ್ಲಿ ಒಂದು ಕಾಳಿನ ಬುಡದಲ್ಲಿ, ಮೊಳಕೆ ಬರುವ ಜಾಗದ ಪಕ್ಕ, ನೆರಳಿನಂಥದ್ದೇನೋ ಇತ್ತು. ಮಗುಚಿದೆ. ಇರಲಿಲ್ಲ. ಮತ್ತೆ ಮಗುಚಿದೆ. ಇತ್ತು. ಅದನ್ನು ಎತ್ತಿ ಬಿಲ್ಲೆಯ ಅಂಚಿಗೆ ಇಟ್ಟೆ.

ತೊಗಾಶಿಯವರು ಕನ್ನಡಕ ಸರಿಸಿ ನೋಡಿದರು. ಬಿಲ್ಲೆಯನ್ನು ಬೆಳಕಿಗೆ ಹಿಡಿದರು.

"ಇದು ತೌಡಿನ ಬಣ್ಣ. ಮೂರೇ." ಬಿಲ್ಲೆ ಕೆಳಗಿಟ್ಟರು. "ಮೂರು ಸಾವಿರಕ್ಕೆ ಮೂರು. ಮೊದಲ ದರ್ಜೆ ನಿಲ್ಲುತ್ತೆ. ಒಬಾತ, ತೊಂದರೆ ಕೊಟ್ವಿ, ಬೇಜಾರು ಮಾಡ್ಕೋಬೇಡ. ಹಿದಾಕ, ಚೀಲದ ಬಾಯಿ ಹೊಲಿಸು."

ಒಬಾತ ಮೇಜಿಗೆ ಎರಡೂ ಕೈ ಊರಿ ತಲೆ ತಗ್ಗಿಸಿದ. ಅವನ ಬೆನ್ನು ಸಡಿಲವಾದದ್ದು ಅಂಗಿಯ ಮೇಲಿಂದಲೇ ಕಾಣಿಸಿತು.

ನಾನು ಇನ್ನೂ ಆ ಕಾಳನ್ನೇ ನೋಡುತ್ತಿದ್ದೆ. ಪ್ರತಿ ವರ್ಷ ಕೊಯ್ಲಿಗೆ ಮೊದಲು ಜಿಲ್ಲೆಯ ಪರೀಕ್ಷಕರೆಲ್ಲ ಒಂದೆಡೆ ಸೇರಿ ಕಣ್ಣು ಹೊಂದಿಸಿಕೊಳ್ಳುತ್ತೇವೆ. ಒಂದೇ ಅಕ್ಕಿಯನ್ನು ಎಲ್ಲರೂ ನೋಡಿ, ಕಿರಿಯರು ಮೊದಲು, ಹಿರಿಯರು ಕೊನೆಗೆ ದರ್ಜೆ ಹೇಳಬೇಕು. ಈ ಸಲ ಎಲ್ಲರಿಗಿಂತ ಮೊದಲು ನಾನೇ ಹೇಳಬೇಕಾಗಿತ್ತು. ನಾನು ಹೇಳಿದ್ದು ತೊಗಾಶಿಯವರ ಉತ್ತರಕ್ಕೆ ಸರಿಹೊಂದಿದಾಗೆಲ್ಲ ಎದೆ ತಣ್ಣಗಾಗುತ್ತಿತ್ತು. ಬರಬರುತ್ತ ನಾನು ಅಕ್ಕಿಗಿಂತ ಹೆಚ್ಚಾಗಿ, ಅವರೇನು ಹೇಳಬಹುದು ಎನ್ನುವುದನ್ನು ನೋಡತೊಡಗಿದ್ದೆ. ಅದು ನನಗೆ ಈಗ ಸ್ಪಷ್ಟವಾಯಿತು. ಇದು ತೌಡಿನ ಬಣ್ಣವಲ್ಲ.

"ಯಜಮಾನ್ರೇ, ನನಗೆ ನಾಲ್ಕು ಕಾಣ್ತಿದೆ."

ಹಿದಾಕ ಗಾಡಿಯ ಮೇಲೆ ಹತ್ತಲು ಎತ್ತಿದ ಕಾಲನ್ನು ಇಳಿಸಿದ.

"ಏನಂದೆ?" ಅಂದರು ತೊಗಾಶಿಯವರು.

"ನಾಲ್ಕು. ಅದೂ ತಿಗಣೆ ಚುಚ್ಚಿದ್ದೇ ಅನ್ಸುತ್ತೆ."

"ಅನ್ಸುತ್ತೆ." ತೊಗಾಶಿಯವರು ಮೆಲ್ಲಗೆ ಅಂದರು. "ನಲವತ್ನಾಲ್ಕು ವರ್ಷದಿಂದ ನೋಡ್ತಿದೀನಿ ನಾನು. ನಿನಗೆ ನಲವತ್ನಾಲ್ಕು ದಿನ ಆಗಿದ್ಯೋ ಇಲ್ವೋ."

"ಮೂವತ್ತೊಂದು ದಿನ," ಎಂದೆ. ಉದ್ಧಟತನಕ್ಕೆ ಹೇಳಿದ್ದಲ್ಲ. ಬಾಯಿಗೆ ಅದೇ ಬಂತು.

"ಮೇಡಂ, ಕೈ ಮುಗೀತೀನಿ," ಅಂದ ಒಬಾತ. "ಅವರೇ ಮೂರು ಅಂದಮೇಲೆ ನಿಮಗ್ಯಾಕೆ? ನಿಮ್ಮ ತಲೆ ಮೇಲೆ ಬರಲ್ವಲ್ಲ."

"ಚೀಲದ ಮೇಲಿರೋದು ನನ್ನ ಹೆಸರಲ್ವಾ, ಒಬಾತ ಅವರೇ."

"ಹೆಸರು ಅಳಿಸಿ ನನ್ನದು ಹಾಕ್ತೀನಿ," ಅಂದರು ತೊಗಾಶಿಯವರು. ಅವರ ದನಿ ಮೊದಲ ಸಲ ಏರಿತ್ತು. "ಹಾಗೇ ಮಾಡೋಣ. ಆದ್ರೆ ಆಮೇಲೆ ಈ ಉಗ್ರಾಣದಲ್ಲಿ ಎರಡು ಥರದ ಕಣ್ಣು ಇರೋಕಾಗಲ್ಲ. ರೈತ ಯಾರ ಕಣ್ಣನ್ನ ನಂಬಬೇಕು? ಇವತ್ತು ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು?"

 ಅವರು ಹೇಳಿದ್ದು ಸರಿಯೇ ಇತ್ತು. ಆದರೆ ಕಾಳು ಬಿಲ್ಲೆಯ ಮೇಲಿತ್ತು. ಸಂಜೆ ತರಗತಿಯಲ್ಲಿ ಬರೆದುಕೊಂಡದ್ದು ನೆನಪಾಯಿತು. ತೌಡು ತೆಗೆದ ಮೇಲೆ ಹೋಗುವ ಬಣ್ಣ ಲೆಕ್ಕಕ್ಕಿಲ್ಲ, ಉಳಿಯುವ ಬಣ್ಣ ಮಾತ್ರ ಕಲೆ.

"ಕೆರೆದು ನೋಡ್ಬಹುದಾ?" ಎಂದೆ.

 ತೊಗಾಶಿಯವರು ಜೇಬಿನಿಂದ ಚಿಕ್ಕ ಬ್ಲೇಡು ತೆಗೆದು ಮೇಜಿನ ಮೇಲಿಟ್ಟರು. ಅದರ ಪಕ್ಕಕ್ಕೆ ನನ್ನ ಮೊಹರನ್ನು ಎಳೆದುಕೊಂಡರು.

"ಕೆರಿ. ನೀನೇ ಕೆರಿ. ಬಣ್ಣ ಹೋದ್ರೆ ಈ ಮೊಹರು ನನ್ನ ಹತ್ರಾನೇ ಇರುತ್ತೆ. ಒಬ್ಬ ರೈತನ್ನ ಎರಡು ಸಲ ಗೋಳಾಡಿಸೋ ಕೈಗೆ ನಾನು ಮೊಹರು ಕೊಡಲ್ಲ."

"ಯಜಮಾನ್ರೇ, ಸ್ವಲ್ಪ ಜಾಸ್ತಿ ಆಯ್ತು," ಅಂದ ಹಿದಾಕ.

"ನೀನು ಗಾಡಿ ಓಡ್ಸು."

ಹೊರಗೆ ಲಾರಿಯ ಹಾರ್ನ್ ಕೇಳಿಸಿತು. ಹೊತ್ತಿಗೆ ಮುಂಚೆಯೇ ಬಂದಿತ್ತು. ಯಾರೂ ಹೋಗಲಿಲ್ಲ.

ಕಾಳನ್ನು ಎಡಗೈಯ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟುಕೊಂಡು ತೋರುಬೆರಳಿನಿಂದ ಅದುಮಿ ಹಿಡಿದೆ. ಹೆಚ್ಚು ಒತ್ತಿದರೆ ಮುರಿಯುತ್ತದೆ, ಮುರಿದರೆ ಯಾವುದೂ ತಿಳಿಯುವುದಿಲ್ಲ. ಬ್ಲೇಡನ್ನು ಮಲಗಿಸಿ ಒಮ್ಮೆ ಎಳೆದೆ. ತೌಡು ಧೂಳಿನಂತೆ ಎದ್ದಿತು. ಕಲೆ ತಿಳಿಯಾಯಿತು.

ಒಬಾತ, "ಹೋಯ್ತು," ಅಂದ.

"ಇನ್ನೂ ಇದೆ ತೌಡು," ಅಂದರು ತೊಗಾಶಿಯವರು, ಅಷ್ಟೇ ಬೇಗ.

ಇನ್ನೊಮ್ಮೆ ಎಳೆದೆ. ಕಲೆ ಮತ್ತೂ ತಿಳಿಯಾಯಿತು.  ಮೂರನೇ ಸಲ ಎಳೆಯುವಾಗ ಹೋಗಲಿ ಎಂದು ಬೇಡಿಕೊಂಡೆನೋ, ಉಳಿಯಲಿ ಎಂದು ಬೇಡಿಕೊಂಡೆನೋ ನನಗೇ ತಿಳಿಯದು. ಹೋದರೆ ಒಬಾತ ಉಳಿಯುತ್ತಿದ್ದ. ಅದೂ ನನಗೆ ಬೇಕಾಗಿತ್ತು.

ಕಾಳಿನ ಮೈ ಬೆಳ್ಳಗೆ ಹೊಳೆಯಿತು. ಬುಡದ ಬಳಿ, ಬಿಳಿಯ ಒಳಗೆ ಹೋಗಿ ಕೂತ ಹಾಗೆ, ಸೂಜಿಯ ಮೊನೆಯಷ್ಟು ಕಂದು. ಉಗುರಿನಿಂದ ಉಜ್ಜಿದೆ. ಅದು ಮಸುಕಾಗಲೂ ಇಲ್ಲ, ಸರಿಯಲೂ ಇಲ್ಲ.

ನಾನು ಕೈ ಚಾಚಿದೆ. ತೊಗಾಶಿಯವರು ಚಿಮಟದಿಂದ ಕಾಳನ್ನು ತೆಗೆದುಕೊಂಡು ಬಿಳಿ ತಟ್ಟೆಯ ಮೇಲಿಟ್ಟರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಕಪ್ಪು ತಟ್ಟೆಗೆ ಹಾಕಿ ನೋಡಿ ಮತ್ತೆ ಬಿಳಿ ತಟ್ಟೆಗೆ ತಂದರು.  

"ನಾಲ್ಕು," ಅಂದರು.

ಒಬಾತ ಕೂಗಾಡಲಿಲ್ಲ. ಅವನು ಟೋಪಿ ಹಾಕಿಕೊಂಡು ಬಾಗಿಲ ಬಳಿ ಹೋಗಿ ಸೆಂದೈಗೆ ಫೋನ್ ಮಾಡಿದ. ಬೆನ್ನು ನಮ್ಮ ಕಡೆಗಿತ್ತು. ಎರಡನೇ ದರ್ಜೆ ಎನ್ನುವುದು ಕೇಳಿಸಿತು, ಹೌದು, ಇಲ್ಲ, ತಪ್ಪಾಯಿತು ಎನ್ನುವುದು ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಲೇ ಕಾಣದ ಆ ಅಂಗಡಿಯವರಿಗೆ ಅವನು ಬಗ್ಗಿ ಬಗ್ಗಿ ನಮಸ್ಕರಿಸುತ್ತಿದ್ದ. ಲಾರಿಯವನು ಹಾರ್ನ್ ನಿಲ್ಲಿಸಿ ಕೆಳಗಿಳಿದು ಸಿಗರೇಟು ಹಚ್ಚಿದ.

ವಾಪಸ್ ಬಂದ ಒಬಾತ ನನ್ನ ಕಡೆ ನೋಡದೆ ತೊಗಾಶಿಯವರನ್ನು ಕೇಳಿದ. "ಬಣ್ಣ ನೋಡಿ ಕಾಳು ಆರಿಸೋ ಯಂತ್ರ ಯಾರ ಹತ್ರ ಇದೆ?"

"ಹೊಳೆ ಆಚೆ ಗಿರಣಿಯವರ ಹತ್ರ. ಸರದಿ ಇರುತ್ತೆ."

"ಆರಿಸಿ ತಂದ್ರೆ ಮತ್ತೆ ನೋಡ್ತೀರಾ?"

"ಹೊಸ ಅಕ್ಕಿ ಹಾಗೇ ನೋಡ್ಬೇಕು. ನಿಯಮ ಇದೆ."

"ಸೆಂದೈಯವರು ಗುರುವಾರದವರೆಗೆ ಕಾಯ್ತಾರಂತೆ. ಅಷ್ಟೇ ಅಂದ್ರು." ಅವನು ಚೀಲಗಳ ಕಡೆ ನೋಡಿದ. ತೊಂಬತ್ತಾರು ಚೀಲ ಬಿಚ್ಚಿ, ಹೊಳೆ ದಾಟಿಸಿ, ಯಂತ್ರಕ್ಕೆ ಸುರಿದು, ಮತ್ತೆ ತುಂಬಿಸಿ, ಹೊಲಿಸಿ, ಎರಡೂವರೆ ದಿನದಲ್ಲಿ ತರಬೇಕು. ಯಂತ್ರದವನಿಗೆ ಬಿಡುವಿರುತ್ತದೋ ಇಲ್ಲವೋ.

"ನನ್ನ ಗಾಡಿ ಆರಕ್ಕೆ ಬಿಡುವಾಗುತ್ತೆ," ಅಂದ ಹಿದಾಕ. "ಚಿಕ್ಕ ಟ್ರಕ್ ನನ್ನದೂ ಒಂದಿದೆ. ಬಸ್ಸು ಓಡಿಸಿದವನಿಗೆ ಹೇಳ್ಕೊಡೋದೇನಿಲ್ಲ."

 ಹಗ್ಗ ತರಲು ಹೊರಟ ಒಬಾತ ಬಾಗಿಲಲ್ಲಿ ನಿಂತ.

"ಗುರುವಾರ ಇಲ್ಲಿ ಯಾರಿರ್ತಾರೆ?"

ತೊಗಾಶಿಯವರು ಮೇಜಿನ ಮೇಲಿದ್ದ ಮೊಹರನ್ನು ನೋಡಿದರು. ಅದು ಇನ್ನೂ ಅವರ ಕೈಯ ಪಕ್ಕದಲ್ಲೇ ಇತ್ತು. 

"ಇವಳಿರ್ತಾಳೆ," ಅಂದರು, ಸಿಡಿಮಿಡಿಯಿಂದ. "ಇವಳು ನೋಡ್ತಾಳೆ. ನಾನು ಪಕ್ಕದಲ್ಲಿರ್ತೀನಿ. ಬರೆಯೋದನ್ನ ಬರೀತೀನಿ, ತಟ್ಟೆ ಇಲ್ಲದೆ ಮೊಹರು ಒತ್ತಿದ್ದೂ ಬರೀತೀನಿ."

"ಸರಿ," ಅಂದ ಒಬಾತ. ಈಗ ನನ್ನ ಕಡೆ ತಿರುಗಿದ. ಆ ಮುಖದಲ್ಲಿ ಕ್ಷಮೆಯೇನೂ ಇರಲಿಲ್ಲ. "ಗುರುವಾರ ಮಕ್ಕಳನ್ನ ಕರ್ಕೊಂಡು ಬರಬೇಡಿ ಅಂತ ಶಾಲೆಯವರಿಗೆ ಹೇಳಿ ಮೇಡಂ."

ಅವನು ಹೋದ. ತೊಗಾಶಿಯವರು ಮೊಹರನ್ನು ಒಂದೇ ಬೆರಳಿನಿಂದ ನನ್ನ ಕಡೆ ತಳ್ಳಿ, ರದ್ದು ಮಾಡುವ ಮೊಹರನ್ನು ಕಪಾಟಿನಿಂದ ತಂದು ಅದರ ಪಕ್ಕದಲ್ಲಿಟ್ಟು ಕೋಣೆಗೆ ಹೋದರು. ನಾನು ಮಸಿಯ ಡಬ್ಬಿ ತೆಗೆದುಕೊಂಡು ಮೊದಲ ಹಲಗೆಯ ಮೇಲಿನ ಚೀಲದಿಂದ ಶುರು ಮಾಡಿದೆ. ನನ್ನ ಹೆಸರಿನ ಮೇಲೆ ಎರಡು ಅಡ್ಡ ಗೆರೆಗಳು ಬಿದ್ದವು. ಮಸಿ ಒಣಗುವವರೆಗೆ ಕಾದು ಹಿದಾಕ ಚೀಲವನ್ನು ಎತ್ತಿದ. ನಾನು ಮುಂದಿನದಕ್ಕೆ ಹೋದೆ.